ಚಳಿಯೇ ಕಾದಿಟ್ಟ ಊರು

ಸೆಪ್ಟೆಂಬರ್ ಕೊನೆಯ ವಾರ. ಬೆಳಗ್ಗೆ ಎದ್ದು ನೋಡಿದರೆ ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಹಿಂದಿನ ಮಧ್ಯಾಹ್ನ ಅದೇ ಕಾರಿನಲ್ಲಿ ಎಸಿ ಹಾಕಿಕೊಂಡು ಬಂದಿದ್ದೆವು! ಕ್ಯಾಲಿಫೋರ್ನಿಯಾ ಅಂದ್ರೆ ಬರೀ ಬೀಚು, ಬಿಸಿಲು ಅಂದುಕೊಂಡಿರುವ ನಮ್ಮೂರಿನವರಿಗೆ ಹೇಳಿದರೆ ನಂಬುವುದು ಕಷ್ಟ.

ನಾವು ಹೊರಟಿದ್ದು ಬೋಡಿ ಅನ್ನುವ ಪಾಳು ಊರಿಗೆ. 395 ಹೆದ್ದಾರಿ ಬಿಟ್ಟು 13 ಮೈಲಿ ಒಳಗೆ ಹೋಗಬೇಕು. ಕೊನೆಯ ಮೂರು ಮೈಲಿ ಮಣ್ಣುರಸ್ತೆ. ಊರಿರುವುದು 8,300 ಅಡಿಗೂ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ 2,000 ಅಡಿ ಜಾಸ್ತಿ. ಸುತ್ತ ಬೋಳು ಗುಡ್ಡ, ನೆರಳಿಗೆ ಒಂದು ಮರ ಇಲ್ಲ. ನಮ್ಮ ಘಟ್ಟ ಮಳೆಯನ್ನು ಮಲೆನಾಡಿನಲ್ಲೇ ಸುರಿಸಿಕೊಂಡು ಬಯಲುಸೀಮೆಗೆ ಒಣಗಾಳಿ ಕಳಿಸುತ್ತದಲ್ವಾ, ಇಲ್ಲಿ ಸಿಯೆರಾ ಪರ್ವತ ಮಾಡುವುದೂ ಅದನ್ನೇ. ಗಾಳಿ ತೆಳು, ಆಕಾಶ ಸ್ವಚ್ಛ. ಹಗಲಿನ ಕಾವೆಲ್ಲ ಸಂಜೆಯಾದರೆ ಮೇಲಕ್ಕೆ ಹೋಗಿಬಿಡುತ್ತದೆ. ಗುಡ್ಡದ ತಣ್ಣನೆ ಗಾಳಿ ಇಳಿದು ಊರಿನ ತಗ್ಗಿನಲ್ಲಿ ನಿಲ್ಲುತ್ತದೆ. ಬೇಸಿಗೆಯ ರಾತ್ರಿಯಲ್ಲೂ ನೀರು ಹೆಪ್ಪುಗಟ್ಟುವುದುಂಟು.

1859ರಲ್ಲಿ ಇಲ್ಲಿ ಚಿನ್ನ ಕಂಡವರಲ್ಲಿ ಡಬ್ಲ್ಯೂ. ಎಸ್. ಬೋಡಿ ಎಂಬಾತನೂ ಇದ್ದ. ಆ ವರ್ಷದ ಚಳಿಗಾಲ ಶುರುವಾಗುವಾಗಲೇ, ಸಾಮಾನು ತರಲು ಹೋಗಿದ್ದವನು ಹಿಮಗಾಳಿಗೆ ಸಿಕ್ಕಿ ಸತ್ತ. ಊರಿಗೆ ಅವನ ಹೆಸರು ಬಂತು. ಊರು ಬೆಳೆದದ್ದನ್ನು ಅವನು ನೋಡಲೇ ಇಲ್ಲ, ಪಾಪ.

1880ರ ಹೊತ್ತಿಗೆ ಸುಮಾರು 8,000 ಜನ ಇದ್ದರಂತೆ. ಒಲೆಗೆ, ಗಣಿಗೆ ಬೇಕಾದ ಮರಕ್ಕಾಗಿಯೇ 1881ರಲ್ಲಿ ಮೋನೋ ಸರೋವರದ ಆಚೆಯ ಕಾಡಿನಿಂದ ರೈಲು ಹಾಕಿದರು. 1892ರಲ್ಲಿ ಸುಮಾರು 20 ಕಿ.ಮೀ. ದೂರದ ಹಳ್ಳದ ನೀರಿನಿಂದ ಕರೆಂಟು ತಂದು ಅದಿರು ಕುಟ್ಟುವ ಗಿರಣಿ ಓಡಿಸಿದರು. ಹತ್ತು ವರ್ಷದ ಮೇಲೆ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಹೋದದ್ದು ನೆನಪಾಗಿ ಆ ಗಿರಣಿಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಅಲ್ಲೂ ಗಣಿ 2001ರಲ್ಲಿ ಮುಚ್ಚಿತು. ಬೋಡಿಯಲ್ಲಿ ಚಿನ್ನ ಕಡಿಮೆಯಾಗುತ್ತಿದ್ದಂತೆ ಜನ ಗಂಟುಮೂಟೆ ಕಟ್ಟಿದರು. 1932ರ ಬೆಂಕಿಯಲ್ಲಿ ಊರಿನ ದೊಡ್ಡ ಪಾಲು ಹೋಯಿತು. ಈಗ ಉಳಿದಿರುವುದು ನೂರು ಚಿಲ್ಲರೆ ಕಟ್ಟಡ.

ಆದರೆ ಉಳಿದದ್ದು ಹೇಗಿದೆ ಗೊತ್ತಾ? ಶಾಲೆಯ ಕಿಟಕಿಗೆ ಹಣೆ ಒತ್ತಿ ನೋಡಿದೆ. ಬೆಂಚು, ಗ್ಲೋಬು ಎಲ್ಲ ಧೂಳು ಹೊದ್ದು ಕೂತಿವೆ. ಒಂದು ಮನೆಯ ಗೋಡೆಗೆ ತಗಡಿನ ಡಬ್ಬಿಗಳನ್ನು ಬಿಡಿಸಿ, ಚಪ್ಪಟೆ ಮಾಡಿ ಮೊಳೆ ಹೊಡೆದಿದ್ದಾರೆ, ಸಂದಿಯಿಂದ ಚಳಿಗಾಳಿ ನುಗ್ಗಬಾರದು ಅಂತ. ನಮ್ಮನೆ ಬಚ್ಚಲಿಗೆ ಅಜ್ಜ ಸೀಮೆಎಣ್ಣೆ ಡಬ್ಬ ಬಿಡಿಸಿ ಹೊಡೆದದ್ದು ಹೀಗೇ. ಪಕ್ಕದ ಹಲಗೆಯ ಮೇಲೆ ಕೈಯಾಡಿಸಿದೆ. ಬಿಸಿಲಿಗೆ ಕಂದಿ, ನಾರು ನಾರಾಗಿ ಎದ್ದಿದೆ. ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ, ಒಳಗೆ ಗಟ್ಟಿ!

ಬೋಡಿಯನ್ನು ಕೊಂದ ಚಳಿಯೇ, ಅಷ್ಟು ಜನರನ್ನು ಗೋಳು ಹೊಯ್ದುಕೊಂಡ ಆ ಒಣ ಚಳಿಯೇ ಈ ಮರವನ್ನು ಕೊಳೆಯದಂತೆ ಕಾದಿದೆ. ನಮ್ಮ ತೀರ್ಥಹಳ್ಳಿ ಕಡೆಯ ಮಳೆಗೆ ಬಾಗಿಲು ಹಾಕಿದ ಮನೆ ಹತ್ತು ವರ್ಷ ನಿಂತರೆ ಹೆಚ್ಚು.

ಸಂಜೆ ಸಿಗ್ನಲ್ ಸಿಕ್ಕಮೇಲೆ ಅಮ್ಮನಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಗೆದ್ದಲು ಹಿಡಿದಿಲ್ವೇನೋ ಅದಕ್ಕೆ?"

"ಇಲ್ಲಮ್ಮ. 1962ರಿಂದ ಸರ್ಕಾರ ನೋಡಿಕೊಳ್ತಿದೆ. ಹೊಸದು ಮಾಡಲ್ಲ, ಬೀಳೋಕೂ ಬಿಡಲ್ಲ. ಮಾಡು ಸೋರಿದ್ರೆ ಅಷ್ಟು ಸರಿ ಮಾಡ್ತಾರೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಜ್ಜನ ಮನೆ ಹಂಚು ಈ ಸಲ ಕೈಯಾಡಿಸಲೇ ಇಲ್ಲ. ಆಳು ಸಿಗಲಿಲ್ಲ. ನೀನು ಡಿಸೆಂಬರಿಗೆ ಬರ್ತೀಯಲ್ಲ?"

"ಬರ್ತೀನಮ್ಮ. ಬಂದ ತಕ್ಷಣ ಮಾಡಿಸೋಣ" ಅಂದೆ.