ಎಷ್ಟು ಬಾಲ್ ಹಾಕಿದೆ ಅಂತ ಮೊದಲು ಕೇಳಿ

ಫಾಸ್ಟ್ ಬೌಲಿಂಗ್ ಮಾಡುವ ಹುಡುಗ ಸೊಂಟ ನೋವು ಅಂದರೆ ಸಾಕು, ಮನೆಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಕಾರಣ ರೆಡಿ ಇರುತ್ತದೆ. ಮೊಬೈಲ್ ನೋಡ್ತಾ ಸೊಟ್ಟಗೆ ಮಲಗ್ತಾನೆ, ಸ್ಕೂಲ್ ಬ್ಯಾಗ್ ಭಾರ, ಸರಿಯಾಗಿ ಊಟ ಮಾಡಲ್ಲ, ಉಳುಕಿರಬೇಕು ಎಣ್ಣೆ ಹಚ್ಚಿ. ವಾರಕ್ಕೆ ಎಷ್ಟು ಬಾಲ್ ಹಾಕ್ತಾನೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಅಕ್ಕನ ಮಗನ ವಿಷಯದಲ್ಲೂ ಹೀಗೇ ಆಯ್ತು. ಹದಿನೈದು ವರ್ಷ, ಬಲಗೈ ಬೌಲರ್, ಒಂದೇ ವರ್ಷದಲ್ಲಿ ಸರ್ರನೆ ಉದ್ದ ಬೆಳೆದಿದ್ದ. "ಮಾಮ, ಎಡಗಾಲು ಊರಿ ಬಾಲ್ ಬಿಡೋವಾಗ ಸೊಂಟದ ಎಡಗಡೆ ಚುಳ್ ಅನ್ನತ್ತೆ, ಆಮೇಲೆ ಸರಿಹೋಗತ್ತೆ" ಅಂದ. ಎಕ್ಸ್‌ರೇ ತೆಗೆಸಿದರು. "ನಾರ್ಮಲ್ ಅಂತೆ ಕಣೋ" ಅಂತ ಅಕ್ಕ ಫೋನ್ ಮಾಡಿ ಖುಷಿಪಟ್ಟಳು. ಹುಡುಗ ಮರುದಿನವೇ ನೆಟ್ಸ್‌ಗೆ ಹೋದ.

ಆಮೇಲೆ ತೋರಿಸಿದಾಗ, ಆಟಗಾರರನ್ನೇ ನೋಡುವ ಫಿಸಿಯೋ ಒಬ್ಬರು ಮಾಡಿದ್ದು ಬಹಳ ಸರಳ. ಎಡಗಾಲ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ ನಿಧಾನಕ್ಕೆ ಹಿಂದಕ್ಕೆ ಬಾಗು ಅಂದರು. ಇವನು ಸ್ವಲ್ಪ ಬಾಗಿದ್ದೇ ತಡ, ಮುಖ ಕಿವುಚಿಕೊಂಡು ಗೋಡೆ ಹಿಡಿದುಕೊಂಡ. ಎಂಆರ್‌ಐ ಮಾಡಿಸಿದರೆ ಬೆನ್ನುಮೂಳೆಯ ಕೆಳಭಾಗದಲ್ಲಿ ಎಲ್5 ಅನ್ನುವ ಮೂಳೆಯ ಎಡಬದಿಗೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಒಂದೇ ಏಟಿಗಲ್ಲ, ಮತ್ತೆ ಮತ್ತೆ ಬಿದ್ದ ಒತ್ತಡಕ್ಕೆ ಬಿಟ್ಟ ಸಣ್ಣ ಬಿರುಕು. ಶುರುವಿನಲ್ಲಿ ಇದು ಎಕ್ಸ್‌ರೇಗೆ ಎಷ್ಟೋ ಸಲ ಸಿಗುವುದೇ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಎಲ್ಲ ಅಕಾಡೆಮಿ ಗೋಡೆಗೂ ಅಂಟಿಸಬೇಕು ಅನ್ನಿಸುತ್ತದೆ ನನಗೆ.

ಎಡಗಡೆಯೇ ಯಾಕೆ? ಬಲಗೈ ಬೌಲರ್ ಓಡಿಬಂದು ಮುಂದಿನ ಕಾಲು, ಅಂದರೆ ಎಡಗಾಲು, ಊರುವಾಗ ಮೈತೂಕದ ಐದಾರು ಪಟ್ಟು ಹೊಡೆತ ಕಾಲಿನಿಂದ ಮೇಲಕ್ಕೆ ಬರುತ್ತದೆ. ಅದೇ ಕ್ಷಣಕ್ಕೆ ಬೆನ್ನು ಹಿಂದಕ್ಕೂ ಬಾಗಿರುತ್ತದೆ, ಎಡಕ್ಕೂ ವಾಲಿರುತ್ತದೆ, ತಿರುಗುತ್ತಲೂ ಇರುತ್ತದೆ. ಈ ಮೂರೂ ಸೇರಿ ಎಡಬದಿಯಲ್ಲಿ ಮೂಳೆಯ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಜೋಡಿಸುವ ಸಣ್ಣ ಸೇತುವೆಯಂಥ ಭಾಗದ ಮೇಲೆ ಬೀಳುತ್ತವೆ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ಇರುವ ಮಿಕ್ಸೆಡ್ ಆ್ಯಕ್ಷನ್ ಆದರೆ ಇನ್ನೂ ಜಾಸ್ತಿ. ಒಂದು ಬಾಲ್‌ಗೆ ಏನೂ ಆಗಲ್ಲ. ಮೂಳೆ ತನ್ನ ಸಣ್ಣಪುಟ್ಟ ಗಾಯವನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಆದರೆ ರಿಪೇರಿಗೆ ಮೊದಲು ಹಳೇದನ್ನು ಕೆರೆದು ತೆಗೆಯುತ್ತದೆ, ಆ ಕೆಲವು ವಾರ ಅದು ಮೊದಲಿಗಿಂತ ವೀಕ್ ಆಗಿರುತ್ತದೆ. ನಾವು ಆಗಲೇ ಇನ್ನಷ್ಟು ಬಾಲ್ ಹಾಕಿಸುತ್ತೇವೆ.

ನಮ್ಮ ಕಡೆ ಇದಕ್ಕೆ ಸೀಸನ್ನೇ ಇದೆ, ಏಪ್ರಿಲ್ ಮತ್ತು ಮೇ. ಪರೀಕ್ಷೆ ಅಂತ ಜನವರಿಯಿಂದ ಕುರ್ಚಿ ಬಿಟ್ಟು ಏಳದ ಹುಡುಗ, ಪರೀಕ್ಷೆ ಮುಗಿದ ವಾರವೇ ಸಮ್ಮರ್ ಕ್ಯಾಂಪ್ ಸೇರಿ ಬೆಳಗ್ಗೆ ಸಂಜೆ ಎರಡೂ ಹೊತ್ತು ಬೌಲಿಂಗ್ ಮಾಡುತ್ತಾನೆ, ಕೆಳಗೆ ಸಿಮೆಂಟ್, ಅದರ ಮೇಲೆ ತೆಳ್ಳನೆ ಮ್ಯಾಟ್. ದೊಡ್ಡ ಹುಡುಗರಿಗೆ ಬ್ಯಾಟಿಂಗ್ ಪ್ರಾಕ್ಟೀಸ್ ಬೇಕು, ಹಾಕೋಕೆ ಇವನು ಇದ್ದಾನಲ್ಲ! ನಾನು ಅವನನ್ನು ಕೂರಿಸಿಕೊಂಡು ಒಂದು ವಾರದ್ದು ಲೆಕ್ಕ ಹಾಕಿದೆ. ಅಕಾಡೆಮಿಯಲ್ಲಿ ಇಷ್ಟು, ಕ್ಲಬ್ ನೆಟ್ಸ್‌ನಲ್ಲಿ ಇಷ್ಟು, ಶನಿವಾರ ಮ್ಯಾಚ್, ಭಾನುವಾರ ಇನ್ನೊಂದು ಟೀಮಿಗೆ ಮ್ಯಾಚ್. ಬೀದಿಯಲ್ಲಿ ಟೆನಿಸ್ ಬಾಲ್‌ನಲ್ಲಿ ಆಡಿದ್ದನ್ನು ಅವನು ಹೇಳಲೇ ಇಲ್ಲ, "ಅದು ಸುಮ್ನೆ ಆಟ ಅಲ್ವಾ ಮಾಮ". ಬೆನ್ನಿಗೆ ಟೆನಿಸ್ ಬಾಲ್ ಯಾವುದು ಲೆದರ್ ಬಾಲ್ ಯಾವುದು ಅಂತ ಏನು ಗೊತ್ತು? ಒಬ್ಬೊಬ್ಬ ಕೋಚ್‌ಗೂ ತನ್ನ ಹತ್ತಿರ ಹಾಕಿದ್ದಷ್ಟೇ ಗೊತ್ತು. ಅವರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಒಟ್ಟು ಲೆಕ್ಕ ಯಾರ ಹತ್ತಿರವೂ ಇರಲಿಲ್ಲ, ಅಷ್ಟೇ.

ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಫಾಸ್ಟ್ ಬೌಲಿಂಗ್ ಮಾಡುವ ಹುಡುಗರಿಗೆ ವರ್ಷಗಟ್ಟಲೆ ಹೇಳಿಕೊಂಡು ಬಂದ ಮಿತಿ ಹೀಗಿದೆ: 13ರೊಳಗಿನವರಿಗೆ ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಒಂದು ಸರದಿಗೆ) 5 ಓವರ್, ದಿನಕ್ಕೆ 10. 15ರೊಳಗಿನವರಿಗೆ 6 ಮತ್ತು 12. ಇದನ್ನು ಕೇಳಿ ನಮ್ಮವನು ನಕ್ಕ.

ನಗುವ ಹುಡುಗರಿಗೆ ಆಸ್ಟ್ರೇಲಿಯಾದ ಫಾಸ್ಟ್ ಬೌಲರ್ ಪ್ಯಾಟ್ ಕಮಿನ್ಸ್ ಕಥೆ ಹೇಳಬೇಕು. 2011ರ ನವೆಂಬರ್, ಜೊಹಾನ್ಸ್‌ಬರ್ಗ್, 18ನೇ ವಯಸ್ಸಿಗೆ ಮೊದಲ ಟೆಸ್ಟ್, ಒಂದು ಇನಿಂಗ್ಸ್‌ನಲ್ಲಿ ಆರು ವಿಕೆಟ್. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ನಮ್ಮ ರಾಂಚಿಯಲ್ಲಿ. ನಡುವಿನ ಐದು ವರ್ಷದಲ್ಲಿ ಹೆಚ್ಚಿನ ಪಾಲು ತಿಂದಿದ್ದು ಬೆನ್ನು. ಮೂಳೆ ಪೂರ್ತಿ ಗಟ್ಟಿಯಾಗಲು ಇಪ್ಪತ್ತು ದಾಟಬೇಕು, ವೇಗ ಮಾತ್ರ ಅದಕ್ಕೂ ಮೊದಲೇ ಬಂದುಬಿಡುತ್ತದೆ. ಬುಮ್ರಾ ಮತ್ತು ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಇಬ್ಬರೂ ಬೆನ್ನಿಗೆ ಆಪರೇಷನ್ ಮಾಡಿಸಿಕೊಂಡು 2023ರ ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಒಟ್ಟಿಗೆ ವಾಪಸ್ ಬಂದರು. ಅವರ ಹಿಂದೆ ಫಿಸಿಯೋ, ಟ್ರೈನರ್, ಸ್ಕ್ಯಾನ್ ಎಲ್ಲ ಇತ್ತು. ನಮ್ಮ ಹುಡುಗನ ಹಿಂದೆ ಇರುವುದು ಅಕ್ಕ ಮತ್ತು ಒಂದು ಸ್ಕೂಟರ್.

ಬೆನ್ನೇ ಆಗಬೇಕು ಅಂತಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್‌ಗೆ 1997ರಲ್ಲಿ ಕೈಕೊಟ್ಟಿದ್ದು ಭುಜ. ತೆಂಡೂಲ್ಕರ್‌ಗೆ 2004ರಲ್ಲಿ ಮೊಣಕೈ, ಅದೂ ಟೆನಿಸ್ ಎಲ್ಬೋ. ಓಡುವವರಿಗೆ ಮೊಣಕಾಲ ಕೆಳಗಿನ ಮೂಳೆ, ಹಿಮ್ಮಡಿ. ಜಾಗ ಬೇರೆ, ಕಾರಣ ಹೆಚ್ಚುಕಡಿಮೆ ಒಂದೇ: ಮೈ ಒಗ್ಗಿಕೊಳ್ಳುವ ಮೊದಲೇ ಕೆಲಸ ಜಾಸ್ತಿ ಮಾಡಿದ್ದು.

ಈಗ ಅವನಿಗೆ ಕೆಲವು ತಿಂಗಳು ಬೌಲಿಂಗ್ ಬಂದ್. ನೋವು ಪೂರ್ತಿ ಹೋದ ಮೇಲೆ ಹೊಟ್ಟೆ, ಸೊಂಟದ ಸುತ್ತ ಬಲ ಬರುವ ವ್ಯಾಯಾಮ, ಆಮೇಲೆ ನಿಂತಲ್ಲಿಂದ ಕೆಲವು ಬಾಲ್, ಆಮೇಲೆ ಅರ್ಧ ರನ್‌ಅಪ್, ನಡುವೆ ರಜೆ. ನೋವು ಹೋಯ್ತು ಅಂದ ತಕ್ಷಣ ಮೂಳೆ ಕೂಡಿದೆ ಅಂತಲ್ಲ, ಮತ್ತೆ ಮುರಿಸಿಕೊಳ್ಳುವವರು ಬಹಳ ಜನ ಇಲ್ಲೇ ಎಡವುತ್ತಾರೆ ಅಂದರು ಫಿಸಿಯೋ. ಫ್ರಿಜ್ ಬಾಗಿಲಿಗೆ ಅಕ್ಕ ಒಂದು ಕ್ಯಾಲೆಂಡರ್ ಅಂಟಿಸಿದ್ದಾಳೆ. ಬೌಲಿಂಗ್ ಶುರುವಾದ ಮೇಲೆ ದಿನಕ್ಕೆ ಎಷ್ಟು ಬಾಲ್ ಅಂತ ಅದರಲ್ಲೇ ಬರೆಯಬೇಕು, ಬೀದಿಯದೂ ಸೇರಿಸಿ. ಅಲ್ಲಿವರೆಗೆ ಕೀಪಿಂಗ್ ಮಾಡ್ಲಾ ಅಂತ ಕೇಳಿದ. ದಿನವಿಡೀ ಬಗ್ಗಿ ಏಳೋದು ಬೇಡ ಅಂತ ಅದಕ್ಕೂ ಕಲ್ಲು ಬಿತ್ತು. ಸ್ಕೋರರ್ ಕೆಲಸ ಖಾಲಿ ಇದೆಯಂತೆ, ಮುಖ ಊದಿಸಿಕೊಂಡೇ ಒಪ್ಪಿದ್ದಾನೆ.