ಅದು ಹುಲ್ಲಲ್ಲ, ರನ್‌ವೇ

ಚೌತಿಗೆ ಇಪ್ಪತ್ತೊಂದು ಎಳೆ ಗರಿಕೆ ಬೇಕಿತ್ತು. ಪಕ್ಕದ ಜಮೀನಿನ ಅಂಚಿಗೆ ಬಗ್ಗಿದ್ದೇ ತಡ, ಆ ಮನೆಯ ಏಳು ವರ್ಷದ ಹುಡುಗಿ ಓಡಿ ಬಂದು ಕೈ ಅಡ್ಡ ಹಿಡಿದಳು: "ಕೀಳಬೇಡಿ! ಅದು ಹುಲ್ಲಲ್ಲ, ರನ್‌ವೇ!"

ಅವಳ ಮಾತು ಅಕ್ಷರಶಃ ನಿಜ. ನಾವಿರುವ ಅಮೆರಿಕದ ಟೆಕ್ಸಾಸಿನಲ್ಲಿ ಡಲ್ಲಾಸ್‌ನಿಂದ ವೇಕೊ ದಾಟಿ ಆಸ್ಟಿನ್‌ವರೆಗೂ ಹಬ್ಬಿದ ಕರಿಮಣ್ಣಿನ ಸೀಮೆಯಲ್ಲಿ ಸ್ವಂತ ಹೊಲದಲ್ಲೇ ಸಣ್ಣ ವಿಮಾನ ಇಳಿಸುವವರಿದ್ದಾರೆ. ಅದಕ್ಕೆ ಹಾಸುವುದು ಡಾಂಬರಲ್ಲ, ಬರ್ಮುಡಾ ಹುಲ್ಲು. ಅಂದರೆ ನಮ್ಮ ಗರಿಕೆಯೇ. ಗದಗ, ನರಗುಂದ, ನವಲಗುಂದದ ಎರೆ ಹೊಲದವರ ಬಾಯಲ್ಲಿ ಕರಿಕಿ. ಅಲ್ಲಿ ಹೊಲಕ್ಕೆ ಕರಿಕಿ ಬಿತ್ತೆಂದರೆ ಮನೆಮಂದಿಗೆಲ್ಲ ಚಿಂತೆ. ಆಳಕ್ಕೆ ಅಗೆದು, ಬೇರು ಆರಿಸಿ, ಬೇಸಿಗೆಯ ಬಿಸಿಲಿಗೆ ಒಣಹಾಕಿ ಸುಟ್ಟರೂ ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಇಲ್ಲಿ ಅದನ್ನೇ ದುಡ್ಡು ಕೊಟ್ಟು ಬಿತ್ತುತ್ತಾರೆ, ಆ ಹಟಮಾರಿ ಬೇರಿಗಾಗಿಯೇ.

ಮಣ್ಣೂ ನಮ್ಮ ಎರೆಯ ಒಡಹುಟ್ಟೇ. ಹ್ಯೂಸ್ಟನ್ ಬ್ಲ್ಯಾಕ್ ಎಂಬ ಈ ಜಿಗುಟು ಮಣ್ಣು ಮಳೆಗೆ ಉಬ್ಬುತ್ತದೆ, ಆಗಸ್ಟಿಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಸೆಸ್ನಾ 172 ಎಂಬ ನಾಲ್ಕು ಸೀಟಿನ ಸಣ್ಣ ವಿಮಾನದ ಮೂಗಿನ ಗಾಲಿ ಚಿಕ್ಕದು. ಅಂಥ ಬಿರುಕಿಗೆ ಸಿಕ್ಕರೆ ಮುಂಗಾಲು ಮುರಿದು ಪಂಖ ನೆಲಕ್ಕೆ ಬಡಿಯಬಹುದು. ಬಿರುಕಿಗೆ ಮರಳು ತುಂಬುವುದು ಹೊಸಬರ ತಪ್ಪು. ಮಳೆಗಾಲದಲ್ಲಿ ಮಣ್ಣು ಉಬ್ಬಿದಾಗ ಬಿರುಕು ಮುಚ್ಚಿಕೊಳ್ಳಲು ಜಾಗವಿರುವುದಿಲ್ಲ, ಅಲ್ಲೊಂದು ದಿಬ್ಬ ಏಳುತ್ತದೆ. ದಟ್ಟ ಹುಲ್ಲು ಬೆಳೆಸಿ, ಅದೇ ಹೊಲದ ಮೇಲ್ಮಣ್ಣನ್ನು ತೆಳ್ಳಗೆ ಎಳೆಯುವುದೇ ಸರಿಯಾದ ದಾರಿ.

ರನ್‌ವೇ ಪಟ್ಟಿಯ ದಿಕ್ಕನ್ನು ಗಾಳಿ ತೀರ್ಮಾನಿಸುತ್ತದೆ. ಇಲ್ಲಿ ವರ್ಷದ ಬಹುಪಾಲು ತೆಂಕಣ ಗಾಳಿ, ಚಳಿಗಾಲದಲ್ಲಿ ಒಮ್ಮೊಮ್ಮೆ ರಭಸದ ಬಡಗಣ ಗಾಳಿ. ಹಾಗಾಗಿ ಪಟ್ಟಿ ಉತ್ತರ–ದಕ್ಷಿಣವಾಗಿರುತ್ತದೆ. ಓಡುವ ದಿಕ್ಕಿಗೆ ದಿಕ್ಸೂಚಿ 170 ಡಿಗ್ರಿ ತೋರಿಸಿದರೆ ಆಗ ಪಟ್ಟಿಯ ಹೆಸರು 17, ಎದುರು ದಿಕ್ಕಿಗೆ ಓಡುವಾಗ 35. ಉದ್ದದ ಲೆಕ್ಕದಲ್ಲಿ ಮೋಸಹೋಗುವವರು ಹೆಚ್ಚು. ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಂಪಿನಲ್ಲಿ ಆ ಸೆಸ್ನಾ ನೆಲ ಬಿಟ್ಟೆದ್ದು 50 ಅಡಿ ಎತ್ತರದ ಅಡ್ಡಿ ದಾಟಲು ಸುಮಾರು 1630 ಅಡಿ ಸಾಕು. ಒಣ ಹುಲ್ಲಾದರೆ ನೆಲದ ಮೇಲಿನ ಓಟಕ್ಕೆ ಶೇ 15 ಸೇರಿಸಬೇಕು. 600 ಅಡಿ ಎತ್ತರದ ಹೊಲ 38 ಡಿಗ್ರಿ ಬಿಸಿಲಲ್ಲಿ, ಗಾಳಿ ತೆಳುವಾಗಿ, ರೆಕ್ಕೆಗೂ ಎಂಜಿನ್ನಿಗೂ 3500 ಅಡಿ ಎತ್ತರದ ಹೊಲದಂತೆಯೇ. ಆಗ ಬೇಕಾಗುವ ದೂರ 2000 ಅಡಿ ದಾಟುತ್ತದೆ. 2600 ಅಡಿ ಉದ್ದ, 100 ಅಡಿ ಅಗಲ ಇಟ್ಟುಕೊಂಡರೆ ನೆಮ್ಮದಿ. ಅದಕ್ಕೆ ಹೋಗುವ ನೆಲ ಸುಮಾರು ಆರು ಎಕರೆ. ತುದಿಯ ಅಡ್ಡಿಗೆ ಒಂದಕ್ಕೆ ಇಪ್ಪತ್ತರ ಲೆಕ್ಕ: 40 ಅಡಿಯ ವಿದ್ಯುತ್ ಕಂಬವಿದ್ದರೆ ಅದರಿಂದ 800 ಅಡಿ ಬಿಟ್ಟೇ ಪಟ್ಟಿ ಶುರುವಾಗಬೇಕು. ಮರ ಕಾಣುತ್ತದೆ, ತಂತಿ ಕಾಣುವುದಿಲ್ಲ.

ಕಾಗದಪತ್ರ ಚಿಕ್ಕದು. ಕೆಲಸ ಶುರುಮಾಡುವ 90 ದಿನ ಮೊದಲೇ ಫೆಡರಲ್ ವಿಮಾನಯಾನ ಆಡಳಿತಕ್ಕೆ 7480-1 ನಮೂನೆ ಕಳಿಸಬೇಕು, ಮುಗಿದ 15 ದಿನದೊಳಗೆ ತಿಳಿಸಬೇಕು. ಅವರು ನೋಡುವುದು ಆಕಾಶದ ವಿಚಾರ. ನೆಲದ ಸ್ಥಳೀಯ ನಿಯಮ, ಕ್ರಯಪತ್ರದ ಷರತ್ತು ನಾವೇ ನೋಡಿಕೊಳ್ಳಬೇಕು.

ನಿಜವಾದ ಕೆಲಸ ನೀರಿನದು. ನಡುವೆ ಬೆನ್ನು ಎತ್ತಿ, ಎರಡೂ ಅಂಚಿಗೆ ಶೇ 2ರಷ್ಟು ಇಳಿಜಾರು: 50 ಅಡಿಗೆ ಒಂದೇ ಅಡಿ. ಅಂಚಿನಾಚೆ ಅಗಲವಾದ, ಆಳವಿಲ್ಲದ ಚರಂಡಿ. ದಾರಿ ತಪ್ಪಿದ ವಿಮಾನ ಅದರೊಳಗೆ ಇಳಿದರೂ ಕಾಲು ಮುರಿಯಬಾರದು. ಒಮ್ಮೆ ಮಟ್ಟ ಮಾಡಿ ಬಿತ್ತಿಬಿಟ್ಟರೆ ಕೆಟ್ಟಿತು. ಎರೆಯ ಹಳೆಯ ತಗ್ಗು–ದಿಬ್ಬ ಮಳೆ ಬಿದ್ದೊಡನೆ ಮತ್ತೆ ಮೇಲೇಳುತ್ತವೆ. ಒಂದು ಮಳೆಗಾಲ ಕಾದು ಎರಡನೇ ಸಲ ಮಟ್ಟ ಮಾಡಬೇಕು. ರೋಲರ್ ಹಾಯಿಸುವುದಕ್ಕೂ ಹದ ಬೇಕು: ಹೆಜ್ಜೆ ಮೂಡಬೇಕು, ಕೆಸರು ಬೂಟಿಗೆ ಅಂಟಬಾರದು. ಬಿತ್ತನೆ ಮಣ್ಣು 18 ಡಿಗ್ರಿ ಬೆಚ್ಚಗಾದ ಮೇಲೆ, ಏಪ್ರಿಲ್ ಕೊನೆಗೆ. ಸಿಪ್ಪೆ ತೆಗೆದ ಬೀಜ ಎಕರೆಗೆ ನಾಲ್ಕೂವರೆ ಕಿಲೊ. ಕಾಲು ಅಂಗುಲಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಬರುವುದು ಕಷ್ಟ. ಆಮೇಲೆ ಮೂರು ಅಂಗುಲಕ್ಕೆ ಕತ್ತರಿಸುತ್ತಿರಬೇಕು, ಉದ್ದ ಹುಲ್ಲು ಗಾಲಿಯನ್ನು ಹಿಡಿಯುತ್ತದೆ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಅರ್ಧ ಪಟ್ಟಿ ಉತ್ತುಬಿಡಬಲ್ಲದು. ಕೆಂಪಿರುವೆಯ ಗೂಡು ಒಣಗಿ ಇಟ್ಟಿಗೆಯಾಗುತ್ತದೆ. ಆದ್ದರಿಂದ ಹಾರುವ ಮುಂಚೆ ಪಟ್ಟಿಯ ಮೇಲೆ ಪಿಕಪ್ ಓಡಿಸಿ ನೋಡುತ್ತಾರೆ. ಗಂಟೆಗೆ 50 ಕಿಲೊಮೀಟರ್ ವೇಗದಲ್ಲಿ ಮೈ ಕುಲುಕದಿದ್ದರೆ ಇಳಿಯಬಹುದು.

ಇದನ್ನೆಲ್ಲ ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುವುದು ವಿಮಾನಕ್ಕಲ್ಲ, ನಮ್ಮ ಹೊಲದ ದಾರಿಗೆ. ಎರೆ ಸೀಮೆಯಲ್ಲಿ ಎರಡು ಮಳೆ ಬಿದ್ದರೆ ಚಕ್ಕಡಿ ಅಚ್ಚಿನವರೆಗೆ ಹೂತುಹೋಗುತ್ತದೆ, ಹೆಸರುಕಾಯಿ ಗಿಡದಲ್ಲೇ ಮೊಳೆಯುತ್ತದೆ. ಎರಿ ಮಣ್ಣೇ ಹಾಂಗ ಎಂದು ಸುಮ್ಮನಾಗುತ್ತೇವೆ. ಅದೇ ಜಾತಿಯ ಮಣ್ಣು ಇಲ್ಲಿ ಸಾವಿರ ಕಿಲೊಗಿಂತ ಭಾರದ ವಿಮಾನ ಹೊರುತ್ತದೆ. ನಮ್ಮ ದಾರಿ ವರ್ಷವರ್ಷ ತುಳಿತಕ್ಕೆ ತಗ್ಗಾಗಿ, ಅಕ್ಕಪಕ್ಕದ ಹೊಲಕ್ಕಿಂತ ಕೆಳಗಿಳಿದು, ಊರ ನೀರೆಲ್ಲ ಹರಿಯುವ ಹಳ್ಳವಾಗಿದೆ. ಬದಿಯವರು ಪ್ರತಿ ಬಿತ್ತನೆಗೂ ಒಂದೊಂದು ಸಾಲು ಒಳಗೆ ಒತ್ತುತ್ತಾರೆ. ಚರಂಡಿಗೆ ಜಾಗವೇ ಉಳಿದಿಲ್ಲ. ಬೆನ್ನು ಎತ್ತಬೇಕು, ನೀರಿಗೆ ಎರಡೂ ಕಡೆ ಜಾಗ ಬಿಡಬೇಕು, ಹೊಲದಿಂದ ಕಿತ್ತೆಸೆಯುವ ಕರಿಕಿಯನ್ನು ದಾರಿಯ ಬದಿಗೆ ನೆಡಬೇಕು. ಮೊದಲ ಎರಡಕ್ಕೆ ಒತ್ತಿದ ಸಾಲನ್ನು ಬದಿಯವರು ವಾಪಸು ಕೊಡಬೇಕು, ಕಷ್ಟವಿರುವುದು ಅಲ್ಲೇ.

ಹುಡುಗಿ ಕೊನೆಗೆ ಚರಂಡಿಯ ಆಚೆ ದಡ ತೋರಿಸಿದಳು. ಅಲ್ಲಿ ಚಿವುಟಬಹುದಂತೆ, ಬೇರು ಬಿಟ್ಟು ತುದಿಯನ್ನಷ್ಟೇ. ಇಪ್ಪತ್ತೊಂದನ್ನೂ ಅವಳೇ ಎಣಿಸಿ ಕೊಟ್ಟಳು.