ಸೈಕಲ್‌ಗೆ ಕಾರ್ ಗುದ್ದಿದ್ರೆ ಸುಮ್ನೆ ಮನೆಗೆ ಹೋಗ್ಬೇಡಿ

ಬೆಂಗಳೂರಲ್ಲಿ ಸೈಕಲ್ ಹೊಡೆಯೋರಿಗೆ ಇದನ್ನ ಹೇಳ್ಲೇಬೇಕು. ಕಾರ್ ಗುದ್ದಿದ್ರೆ ಮೊದ್ಲು ರಸ್ತೆ ಪಕ್ಕಕ್ಕೆ ಬನ್ನಿ, ತಲೆಗೋ ಕುತ್ತಿಗೆಗೋ ಏಟಾಗಿದ್ರೆ ಅಲ್ಲಾಡದೆ 108ಕ್ಕೆ ಫೋನ್ ಮಾಡ್ಸಿ, ಪೊಲೀಸ್ರಿಗೆ 112. ಕಾರ್ ನಂಬರ್ ಪ್ಲೇಟು, ಜಾಗ, ಮುರಿದ ಸೈಕಲ್ಲು ಎಲ್ಲದ್ರ ಫೋಟೋ ತಗೊಳ್ಳಿ, ನೋಡಿದೋರ ನಂಬರ್ ಕೂಡ.

ಡ್ರೈವರ್ "ಐನೂರು ಕೊಡ್ತೀನಿ, ಕೇಸ್ ಬೇಡ ಗುರು" ಅಂತಾನೆ, ದಯವಿಟ್ಟು ಒಪ್ಕೋಬೇಡಿ, ಯಾಕಂದ್ರೆ ನೋವು ಎಷ್ಟೋ ಸಲ ಮಾರನೇ ದಿನ ಗೊತ್ತಾಗೋದು, ಆಗ ಡಾಕ್ಟರ್ ರಿಪೋರ್ಟು ಎಫ್‌ಐಆರ್ ಎರಡೂ ಇಲ್ದಿದ್ರೆ ಪರಿಹಾರ ಸಿಗೋದು ತುಂಬಾ ಕಷ್ಟ. ಥರ್ಡ್ ಪಾರ್ಟಿ ಇನ್ಶೂರೆನ್ಸ್ (ಕಾರಿಂದ ಬೇರೆಯೋರಿಗೆ ಆದ ನಷ್ಟ ತುಂಬೋ ವಿಮೆ) ಪ್ರತಿ ಕಾರಿಗೂ ಕಡ್ಡಾಯ, ಅದಿರೋದೇ ನಮ್ಮಂಥೋರಿಗೆ! ಕ್ಲೇಮ್ ಹಾಕೋದು ಮೋಟಾರು ಅಪಘಾತ ನ್ಯಾಯಮಂಡಳೀಲಿ, ಕಾನೂನಲ್ಲಿರೋ ಗಡುವು 6 ತಿಂಗಳು.